ಜೋಳದ ಡಬ್ಬಿಯಲ್ಲಿ ನಿಂತ ಬೋರ್ ಲಾರಿ

ರಾಡುಗಳು ಕಳಚಿಕೊಂಡು ಪಾತಾಳ ಸೇರಬಹುದಿತ್ತು. ಅವುಗಳ ತುದಿಯಲ್ಲಿದ್ದ ಹ್ಯಾಮರೂ ಬಂಡೆ ಕೊರೆಯುವ ಬಿಟ್ಟೂ ಜೊತೆಗೇ ಹೋಗಬಹುದಿತ್ತು. ಲಾರಿಯನ್ನು ಎತ್ತಿ ನಿಲ್ಲಿಸುವ ನಾಲ್ಕು ಜಾಕಿಗಳಲ್ಲಿ ಒಂದು, ಯಾರೋ ಯಾವತ್ತೋ ಮುಚ್ಚಿ ಮರೆತ ಕಕ್ಕಸು ಗುಂಡಿಯ ಮೇಲೆ ಕೂತು ಮೆಲ್ಲಗೆ ಇಳಿಯಬಹುದಿತ್ತು. ಇಳಿದರೆ ಅಷ್ಟೆತ್ತರದ ಮಾಸ್ಟು ಪಕ್ಕದ ಮನೆಯ ಸಿಂಟೆಕ್ಸ್ ಟ್ಯಾಂಕಿನ ಮೇಲೆ ಒರಗಬಹುದಿತ್ತು. ಗಾಳಿಯ ಹೋಸು ಕಿತ್ತುಕೊಂಡು ಯಾರ ಮುಖಕ್ಕಾದರೂ ಬಡಿಯಬಹುದಿತ್ತು. ಬಂಡೆಯ ಸಂದಿಯಲ್ಲಿ ಬಿಟ್ಟು ಸಿಕ್ಕಿಕೊಂಡು, ನಾನು ಬರಲ್ಲ ಅನ್ನಬಹುದಿತ್ತು. ಬರೀ ಧೂಳು ಬಂದು, ನೀರಿಲ್ಲದ ತಪ್ಪೂ ಅಪ್ಪನ ತಲೆಗೇ ಬರಬಹುದಿತ್ತು. ಸರಿಯಾಗಿ ಲಿವರ್ ಎಳೆಯುವ ಹೊತ್ತಿಗೆ ಅಪ್ಪನಿಗೆ ಸೀನು ಬರಬಹುದಿತ್ತು. ಆ ಬೇಸಿಗೆಯಲ್ಲಿ ನಾನು ಆರನೇ ಕ್ಲಾಸು ಮುಗಿಸಿದ್ದೆ. ಇವನ್ನೆಲ್ಲ ಕಾಪಿ ಪುಸ್ತಕದ ಹಿಂದಿನ ಪುಟದಲ್ಲಿ ನಂಬರು ಹಾಕಿ ಬರೆದಿಟ್ಟಿದ್ದೆ. ಪಟ್ಟಿ ಮೂವತ್ತೊಂದಕ್ಕೆ ನಿಂತಿತ್ತು. ಭಯ ಮುಗಿದು ಅಲ್ಲ, ಪುಟ ಮುಗಿದು. ಈಗ ನನಗೆ ನಲವತ್ತು ದಾಟಿದೆ. ಗ್ಯಾಸ್ ಆಫ್ ಮಾಡಿದೆನೇ ಎಂದು ಬಸ್ ಸ್ಟಾಪಿನಿಂದ ವಾಪಸು ಬಂದು ನೋಡುವ ಹೆಂಗಸು ನಾನು. ಮನೆಯವರು ಇದನ್ನು ಕಾಯಿಲೆ ಅನ್ನುತ್ತಾರೆ. ನಾನು ವಿದ್ಯೆ ಅನ್ನುತ್ತೇನೆ. ಅದನ್ನು ಕಲಿತದ್ದು ರಾಮಮೂರ್ತಿ ನಗರದ ಒಂದು ಶೀಟಿನ ಮನೆಯಲ್ಲಿ.

ಮನೆ ಎಂದರೆ ಒಂದೇ ಕೋಣೆ. ಮುಂದಿನ ಅರ್ಧ ನಡುಮನೆ, ಹಿಂದಿನ ಅರ್ಧ ಅಡುಗೆಮನೆ, ನಡುವೆ ಅವ್ವನ ಹಳೆ ಸೀರೆಯ ಪರದೆ. ಹಿಂದುಗಡೆ ಒಂದು ಖಾಲಿ ಸೈಟು. ಕೆಲಸವಿಲ್ಲದ ದಿನ ಬೋರ್ ಲಾರಿ ಬಂದು ನಿಲ್ಲುತ್ತಿದ್ದುದು ಅಲ್ಲಿ. ಲಾರಿಯೂ ಕೋಣೆಯೂ ಸೈಟೂ ಒಬ್ಬರವೇ, ಕೃಷ್ಣರಾಜಪುರದ ಮುನಿರಾಜಣ್ಣನವು. ಅಪ್ಪ ಯಾದಗಿರಿ ಕಡೆಯ ಫರಸಿ ಕಲ್ಲಿನ ಗಣಿಯಲ್ಲಿ ಚಪ್ಪಡಿ ಎಬ್ಬಿಸುತ್ತಿದ್ದವನು. ಗಣಿಗೆ ಕೊಯ್ಯುವ ಮೆಷಿನ್ನು ಬಂದಾಗ ಅಪ್ಪನ ಉಳಿ ಸುತ್ತಿಗೆಗಳಿಗೆ ಕೆಲಸ ತಪ್ಪಿತು, ನಾವು ಮೂವರೂ ಬೆಂಗಳೂರಿಗೆ ರೈಲು ಹತ್ತಿದೆವು. ಕಲ್ಲನ್ನು ಕುಟ್ಟಿ ಸದ್ದಿನಲ್ಲೇ ಅದರ ಒಳಗನ್ನು ಹೇಳುತ್ತಾನೆಂದು ಕೇಳಿ ಮುನಿರಾಜಣ್ಣ ಅಪ್ಪನನ್ನು ಹೆಲ್ಪರ್ ಮಾಡಿಕೊಂಡರು, ಇರಲು ಈ ಕೋಣೆ ಕೊಟ್ಟರು. ಲಾರಿಯಲ್ಲಿ ಸವೆದದ್ದೆಲ್ಲ ನಮ್ಮ ಮನೆಯ ಸಾಮಾನಾಗುತ್ತಿತ್ತು. ಗೋಡೆಗೆ ಅಡ್ಡಲಾಗಿ ಕಟ್ಟಿದ ಹಳೆ ರಾಡಿನ ಮೇಲೆ ಬಟ್ಟೆ ಒಣಗುತ್ತಿದ್ದವು. ನನ್ನ ಬಿಳಿ ಯೂನಿಫಾರ್ಮಿನ ಬೆನ್ನಿಗೆ ಸದಾ ಒಂದು ತುಕ್ಕಿನ ಗೆರೆ ಇರುತ್ತಿತ್ತು. ಮೊಂಡಾದ ಒಂದು ಬಿಟ್ಟನ್ನು ಅವ್ವ ಹುಣಸೆಹಣ್ಣು ಹಾಕಿ ತಿಕ್ಕಿ, ಬೆಕ್ಕು ಬಾಯಿ ಹಾಕದಂತೆ ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಹೇರಿದ್ದಳು. ನಗರದ ಅರ್ಧ ಮನೆಗಳಿಗೆ ನೀರು ತರಿಸುವ ಲಾರಿಯ ನೆರಳಲ್ಲಿದ್ದೂ ನಾವು ಮಾತ್ರ ಬೀದಿ ನಲ್ಲಿಯ ಮುಂದೆ ಕೊಡ ಇಟ್ಟು ಜಗಳವಾಡುತ್ತಿದ್ದೆವು. ಇದರಲ್ಲಿ ತಮಾಷೆ ಏನಾದರೂ ಇದೆಯೆಂದು ನಮಗೆ ಆಗ ಅನ್ನಿಸಿರಲಿಲ್ಲ.

ಲಾರಿಯ ಅವಯವಗಳಿಗೆಲ್ಲ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಹೆಸರು. ಅಪ್ಪನಿಗೆ ಎರಡೂ ಬಾರದು, ಓದಂತೂ ಮೊದಲೇ ಇಲ್ಲ. ಅದಕ್ಕೆ ಅವನು ಎಲ್ಲಕ್ಕೂ ತನ್ನದೇ ಹೆಸರಿಟ್ಟುಕೊಂಡಿದ್ದ. ಮಾಸ್ಟು, ಅಂದರೆ ಲಾರಿಯ ಹಿಂದೆ ಎದ್ದು ನಿಲ್ಲುವ ಉಕ್ಕಿನ ಕಂಬ, ಅವನಿಗೆ ನಿಚ್ಚಣಿಕೆ. ಗಾಳಿ ಊದುವ ಕಂಪ್ರೆಸರ್ ಎಮ್ಮೆ. ಹತ್ತಿರ ಹೋದರೆ ಬಿಸಿ ಉಸಿರು ಬಿಡುತ್ತಿತ್ತು. ನೆಲದೊಳಗೆ ಬಿಟ್ಟಿನ ಬೆನ್ನ ಮೇಲೆ ಕೂತು ಕುಟ್ಟುವ ಹ್ಯಾಮರ್ ಒನಕೆ. ಬಂಡೆಯನ್ನು ಪುಡಿ ಮಾಡುವ ಬಿಟ್ಟಿನ ಮುಖದ ತುಂಬ ಗುಂಡು ಗುಂಡು ಗುಬುಟುಗಳಿದ್ದುದರಿಂದ ಅದು ಸಿಡುಬಿನ ಮುಖದವಳು. ಹೆಲ್ಪರ್ ಆಗಿರುವವರೆಗೆ ಇಷ್ಟು ಸಾಕಿತ್ತು. ಆದರೆ ಒಂದು ಸಂಜೆ ಮುನಿರಾಜಣ್ಣ ಬಾಗಿಲಲ್ಲಿ ಬಂದು ನಿಂತರು. ಡ್ರಿಲ್ಲರ್ ಪಳನಿಯಣ್ಣ, ಅಂದರೆ ಲಿವರ್ ಹಿಡಿದು ಇಡೀ ಲಾರಿಯನ್ನು ಆಡಿಸುತ್ತಿದ್ದವನು, ಊರಲ್ಲಿ ಭಾವಮೈದುನನ ಜೊತೆ ಸ್ವಂತ ಲಾರಿ ಮಾಡುತ್ತಾನಂತೆ, ತಿಂಗಳಲ್ಲಿ ಹೊರಡುತ್ತಾನಂತೆ.

"ನೋಡು ಬಸಪ್ಪ, ಹೊಸ ಡ್ರಿಲ್ಲರ್ನ ಕರೆಸಿದ್ರೆ ಅವ್ನು ಅವ್ನ ಜನಾನೇ ಕರ್ಕೊಂಡ್ ಬರ್ತಾನೆ. ಆಮೇಲೆ ನಿನಗೂ ಕೆಲಸ ಇರಲ್ಲ, ಈ ರೂಮೂ ಅವರಿಗೇ ಬೇಕಾಗುತ್ತೆ. ನಿನ್ನ ಕಿವಿ ಚೆನ್ನಾಗೈತೆ ಅಂತ ಕೇಳ್ತಾ ಇದೀನಿ. ನೀನೇ ನಿಂತ್ಕೊಳ್ತೀಯಾ?"

"ನಿಂದರ್ತೀನ್ರಿ," ಎಂದ ಅಪ್ಪ, ಕೇಳಿದ ಪ್ರಶ್ನೆ ಮುಗಿಯುವ ಮೊದಲೇ.

"ಒಂದು ಬೋರ್. ಒಂದೇ. ಒಳಗೆ ಹೋದ ಸಾಮಾನು ಅಷ್ಟೂ ಹೊರಗೆ ಬರ್ಬೇಕು. ಒಂದು ರಾಡ್ ಬಿಟ್ಟು ಬಂದ್ರೂ ಬೇರೆಯವ್ರನ್ನ ಕರೆಸ್ತೀನಿ, ಬೇಜಾರು ಮಾಡ್ಕೋಬಾರ್ದು."

ಅವರು ಹೋದ ಮೇಲೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು.

"ನಿಂದರ್ತೀನಿ ಅಂದ್ರೆಲ್ಲ, ಎಲ್ಲಿ ನಿಂದರ್ಬೇಕು ಅನ್ನೂದರ ಗೊತ್ತದ ಏನು ನಿಮಗ?"

ಅವ್ವ ಕೆಣಕಲೆಂದೇ ಕೇಳಿದ್ದು, ಆದರೆ ತೊಂದರೆ ಇದ್ದದ್ದು ಅಲ್ಲೇ. ಲಿವರುಗಳ ಮುಂದೆ ಒಂದು ಮರದ ಹಲಗೆ ಇತ್ತು. ಅದು ಡ್ರಿಲ್ಲರ್ ನಿಲ್ಲುವ ಜಾಗ. ಪಳನಿಯಣ್ಣ ದಿನಾ ಬೆಳಿಗ್ಗೆ ಅದಕ್ಕೆ ನೀರು ಚಿಮುಕಿಸಿ, ಕುಂಕುಮ ಇಟ್ಟು, ಚಪ್ಪಲಿ ಬಿಟ್ಟು ಹತ್ತುತ್ತಿದ್ದ. ಬೇರೆ ಯಾರೂ ಅದರ ಮೇಲೆ ಕಾಲಿಡುವಂತಿರಲಿಲ್ಲ, ಓನರ್ ಕೂಡ. ಹೆಲ್ಪರುಗಳ ಜಾಗ ಎದುರುಗಡೆ, ಗುಂಡಿಯ ಬಾಯಲ್ಲಿ, ಕೈಯಲ್ಲಿ ದೊಡ್ಡ ಸ್ಪ್ಯಾನರ್ ಹಿಡಿದು. ಡ್ರಿಲ್ಲರನ ಕೈ ನೋಡಿ ನೋಡಿಯೇ ಕಲಿಯಬೇಕು, ಕಲಿಸಿಕೊಡುವ ಪದ್ಧತಿ ಇರಲಿಲ್ಲ. ಸರಿ, ಭಾನುವಾರ ಲಾರಿ ಸೈಟಿನಲ್ಲಿ ನಿಂತಾಗ ನಾನು ಪುಸ್ತಕ ಪೆನ್ಸಿಲು ಹಿಡಿದು ಹಲಗೆಯ ಎದುರಿಗೆ, ಕಲ್ಲಿನ ಮೇಲೆ ಕೂತೆ. ಎಲ್ಲ ಲಿವರುಗಳನ್ನೂ ಬರೆದೆ, ಅಪ್ಪ ಹೇಳಿದ ಹಾಗೆ ಹೆಸರು ಹಾಕಿದೆ. ಚಿತ್ರ ಬರೆಯುವುದರಲ್ಲಿ ನನಗೆ ಕ್ಲಾಸಿಗೇ ಹೆಸರಿತ್ತು. ಅಪ್ಪ ಅದನ್ನು ತಲೆ ಓರೆ ಮಾಡಿ ನೋಡಿ, ಹೂಬೇಹೂಬು ಅದ ನೋಡು ಎಂದ. ನಾನು ಉಬ್ಬಿಹೋದೆ. ಈ ಉಬ್ಬುವಿಕೆ ನೆನಪಾದರೆ ಇವತ್ತಿಗೂ ಎದ್ದು ಹೋಗಿ ಗ್ಯಾಸ್ ನೋಡಿ ಬರುತ್ತೇನೆ.

ಮರುದಿನದಿಂದ ನಮ್ಮ ನಡುಮನೆಯಲ್ಲಿ ಬೋರ್ ಕೊರೆಯುವ ಕೆಲಸ ಶುರುವಾಯಿತು. ಊರಿಂದ ತಂದ ಜೋಳ ತುಂಬಿಟ್ಟ ದೊಡ್ಡ ಎಣ್ಣೆ ಡಬ್ಬಿಯೊಂದಿತ್ತು. ಜೋಳದೊಳಗೆ ಏನು ಚುಚ್ಚಿದರೂ ನೆಟ್ಟಗೆ ನಿಲ್ಲುತ್ತಿತ್ತು, ಎಳೆದರೆ ಬಾಗುತ್ತಿತ್ತು, ಬಿಟ್ಟರೆ ಹಾಗೇ ಇರುತ್ತಿತ್ತು. ಲಿವರಿನ ಗುಣವೂ ಅದೇ. ನನ್ನ ಚಿತ್ರ ನೋಡಿಕೊಂಡು ಅಪ್ಪ ಬಲಕ್ಕೆ ಸೌಟು ನೆಟ್ಟ. ಅದು ಫೀಡು: ಮುಂದಕ್ಕೆ ತಳ್ಳಿದರೆ ರಾಡು ಇಳಿಯುತ್ತದೆ, ತನ್ನ ಕಡೆ ಎಳೆದರೆ ಏರುತ್ತದೆ. ಎಡಕ್ಕೆ ಕಡಗೋಲು. ಅದು ರೊಟೇಷನ್: ಮುಂದಕ್ಕೆ ತಳ್ಳಿದರೆ ರಾಡು ಸುತ್ತುತ್ತದೆ, ಹಿಂದಕ್ಕೆ ಎಳೆದರೆ ಉಲ್ಟಾ ಸುತ್ತುತ್ತದೆ. ಉಲ್ಟಾ ಸುತ್ತಿದರೆ ರಾಡುಗಳ ನಡುವಿನ ತಿರುಪು ಬಿಚ್ಚುತ್ತದೆ. ಕೆಳಗಿನ ರಾಡನ್ನು ಹೆಲ್ಪರುಗಳು ಫೋರ್ಕು ಎಂಬ ಕವಲು ಕಬ್ಬಿಣ ಹಾಕಿ ಹಿಡಿದಿದ್ದರೆ ಪರವಾಗಿಲ್ಲ, ಬಿಚ್ಚಬೇಕಾದದ್ದೇ. ಹಿಡಿಯದೆ ಇದ್ದಾಗ ಎಳೆದರೆ ಕೆಳಗಿರುವುದೆಲ್ಲ ಕೆಳಗೇ. ನಾನು ಮಣೆಯ ಮೇಲೆ ಕೂತು "ಇಳಿಸು," "ಸುತ್ತು," "ಎತ್ತು" ಎಂದು ಕೂಗುತ್ತಿದ್ದೆ. ಅಪ್ಪ ಬನಿಯನ್ನಿನಲ್ಲಿ ಬೆವರುತ್ತ ಸೌಟು ಕಡಗೋಲು ಎಳೆಯುತ್ತಿದ್ದ. ಕಂಪ್ರೆಸರಿನ ಸದ್ದಿಲ್ಲದೆ ಅವನಿಗೆ ಸರಿಹೋಗುತ್ತಿರಲಿಲ್ಲ. ಆದ್ದರಿಂದ ಬಾಯಲ್ಲೇ ಗುಡುಗುಟ್ಟುತ್ತಿದ್ದ. ಪಕ್ಕದ ಕೋಣೆಯವರು ಅವನಿಗೆ ಏನೋ ಆಗಿದೆ ಎಂದುಕೊಂಡಿದ್ದರು. ಪರದೆಯಾಚೆಯಿಂದ ಅವ್ವ ಕೇಳುತ್ತಿದ್ದಳು:

"ಸೌಟು ಎಲ್ಲಿ ಹೋಯ್ತು?"

"ಫೀಡಿಗೆ ಹಚ್ಚೀನಿ."

"ಕಡಗೋಲು?"

"ಅದು ರೊಟೇಷನ್ ಅದ."

"ಹಂಗಾರ ಮಜ್ಜಿಗಿ ಏನು ನಿಮ್ಮ ಕಂಪ್ರೆಸರಿನಾಗ ಕಡೀಲಿ?"

ಒಂದು ದಿನ ಈ ಮಾತು ಜಗಳಕ್ಕೇ ತಿರುಗಿತು. ಸೌಟಿಲ್ಲದೆ ಬಟ್ಟಲಲ್ಲಿ ಬೇಳೆ ತೆಗೆಯಲು ಹೋಗಿ ಅವ್ವ ಕೈ ಸುಟ್ಟುಕೊಂಡಳು. ನಿಮ್ಮ ಕಲ್ಲಿನ ಹುಚ್ಚಿಗೆ ಊರು ಬಿಟ್ಟೆ, ಈಗ ಅಡುಗೆಮನೆಯನ್ನೂ ಬಿಡಬೇಕೇ ಎಂದು ಕೂಗಾಡಿದಳು. ಅಪ್ಪ ಸೌಟು ಕಿತ್ತು, ತೊಳೆದು, ಒಲೆಯ ಪಕ್ಕ ಇಟ್ಟು ಹೊರಗೆ ಹೋದ. ಸುಮಾರು ಹೊತ್ತಿನ ಮೇಲೆ ಅವ್ವ ತಾನೇ ಆ ಸೌಟನ್ನು ತಂದು ಜೋಳದಲ್ಲಿ ಚುಚ್ಚಿದಳು. ಮಾರನೆ ದಿನ ಶಿವಾಜಿನಗರಕ್ಕೆ ಹೋದಾಗ ಇನ್ನೊಂದು ಸೌಟು ತಂದಳು. ನಮ್ಮ ಮನೆಯಲ್ಲಿ ರಾಜಿ ಆಗುತ್ತಿದ್ದುದೇ ಹೀಗೆ, ಪಾತ್ರೆಗಳ ಮೂಲಕ.

ಮೂರು ವಾರದಲ್ಲಿ ಅಪ್ಪನ ಕೈ ಪಳಗಿತು. ನಾನು "ಎತ್ತು" ಎಂದು ಬಾಯಿ ತೆರೆಯುವಷ್ಟರಲ್ಲಿ ಸೌಟು ಬಾಗಿರುತ್ತಿತ್ತು. ಹೊರಡಲು ಒಂಬತ್ತು ದಿನವಿರುವಾಗ ಪಳನಿಯಣ್ಣನನ್ನು ಊಟಕ್ಕೆ ಕರೆದೆವು. ಅವನು ಪುಂಡಿಪಲ್ಯವನ್ನು ಅನುಮಾನದಿಂದ ನೋಡಿ, ಆಮೇಲೆ ಎರಡು ಸಲ ಹಾಕಿಸಿಕೊಂಡ. ಜೋಳದ ಡಬ್ಬಿ ಕಂಡಾಗ ಅವನ ಮುಖ ಅರಳಿತು.

"ಏನ್ ಬಸಪ್ಪಾ, ಗಾಡೀನ ಮನೆ ಒಳಗೇ ಪಾರ್ಕ್ ಮಾಡ್ಬಿಟ್ಟಿದ್ದೀಯಾ! ಎಲ್ಲಿ, ರಾಡ್ ಮೇಲೆ ತಗೋ, ನೋಡೋಣ."

ಅಪ್ಪ ಹೆಮ್ಮೆಯಿಂದ ಬಲಗೈಯಲ್ಲಿ ಸೌಟು ಎಳೆದ. ಪಳನಿಯಣ್ಣ ಮೊದಲು ನಕ್ಕ. ನಗುತ್ತ ನಗುತ್ತ ಅವನ ಕೈಯ ತುತ್ತು ತಟ್ಟೆಗೆ ವಾಪಸು ಬಂತು.

"ಇನ್ನೊಂದ್ಸಲ ತಗೋ."

ಅಪ್ಪ ಮತ್ತೆ ಬಲಗೈಯಲ್ಲೇ ಎಳೆದ.

"ಅಯ್ಯೋ ಮುರುಗಾ. ಬಸಪ್ಪಾ, ಫೀಡ್ ಎಡಗೈಗೆ ಇರೋದು. ಬಲಗೈಗೆ ರೊಟೇಷನ್. ನೀನು ಎತ್ತೋಕೆ ಅಂತ ಈ ಕೈ ಎಳೆದ್ರೆ ರಾಡ್ ಮೇಲೆ ಬರಲ್ಲ, ತಿರುಪು ಬಿಚ್ಕೊಂಡು ಅಷ್ಟೂ ಒಳಗೆ ಹೋಗ್ತದೆ. ಯಾರು ಹೇಳಿಕೊಟ್ಟಿದ್ದು ಇದು ನಿಂಗೆ?"

ಎಲ್ಲರೂ ಗೋಡೆಗೆ ಅಂಟಿಸಿದ್ದ ನನ್ನ ಚಿತ್ರವನ್ನು ನೋಡಿದರು. ನಾನು ಹಲಗೆಯ ಎದುರಿಗೆ ಕೂತು ಬರೆದಿದ್ದೆ. ಅಪ್ಪನೂ ಇಷ್ಟು ಕಾಲ ನಿಂತದ್ದು ಎದುರಿಗೇ. ಆ ಹಲಗೆಯ ಮೇಲೆ ನಿಂತವನಿಗೆ ಎಡವಾದದ್ದು ನಮ್ಮಿಬ್ಬರಿಗೂ ಬಲವಾಗಿತ್ತು. ಪೂಜೆ ಮಾಡುವ ಜಾಗಕ್ಕೆ ಕಾಲಿಡಬಾರದೆಂಬ ಮರ್ಯಾದೆಯಿಂದ ನಾವು ಇಡೀ ಲಾರಿಯನ್ನು ಕನ್ನಡಿಯಲ್ಲಿ ನೋಡಿ ಕಲಿತಿದ್ದೆವು. ನಾನು ಎದ್ದು ಹೋಗಿ ಚಿತ್ರವನ್ನು ಹರಿಯಲು ಕೈ ಹಾಕಿದೆ. ಅಪ್ಪ ನನ್ನ ಮಣಿಕಟ್ಟು ಹಿಡಿದ.

"ಹರೀಬ್ಯಾಡ, ಯವ್ವಾ. ನೀ ಒಂದು ದಿನ ಅಲ್ಲಿ ಕುಂತು ನೋಡೀದಿ. ನಾ ಎರಡು ವರ್ಷ ಅಲ್ಲೇ ನಿಂತು ನೋಡೀನಿ. ನನಗ ಗೊತ್ತಾಗಲಿಲ್ಲ, ನಿನಗೇನು ಗೊತ್ತಾಗಬೇಕು?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ರೂಮು, ಶಾಲೆ, ಅವ್ವನ ಹೊಸ ಸೌಟು ಎಲ್ಲವೂ ನನ್ನ ಪೆನ್ಸಿಲಿನ ತುದಿಯಿಂದಲೇ ಹೋಗಲಿವೆ ಎಂದು ನಾನು ಲೆಕ್ಕ ಹಾಕಿಬಿಟ್ಟಿದ್ದೆ. ಮೂವತ್ತೊಂದರ ಪಟ್ಟಿ ಬರೆದದ್ದು ಅವತ್ತೇ. ಪಳನಿಯಣ್ಣ ಕೈ ತೊಳೆದು ಬಂದು ಜೋಳದ ಡಬ್ಬಿಯ ಮುಂದೆ ಕೂತ. ಆಮೇಲೆ, ನಾಳೆಯಿಂದ ಬೆಳಿಗ್ಗೆ ಇಂಜಿನ್ ಸ್ಟಾರ್ಟ್ ಮಾಡುವ ಮೊದಲು ಹಲಗೆಯ ಮೇಲೆ ಬಂದು ನಿಂತುಕೋ ಎಂದ. "ಚಪ್ಪಲಿ ಬಿಟ್ಟು," ಎಂದು ಸೇರಿಸಿದ. ಅವನ ಕಸುಬಿನಲ್ಲಿ ಅದು ಎಷ್ಟು ದೊಡ್ಡ ಮಾತೆಂದು ನನಗೆ ಗೊತ್ತಾದದ್ದು ದೊಡ್ಡವಳಾದ ಮೇಲೆ.

ಡಬ್ಬಿಯಲ್ಲಿ ಸೌಟು ಕಡಗೋಲುಗಳ ಜಾಗ ಬದಲಾಯಿಸಿದ್ದಾಯಿತು. ಕೈಯ ಜಾಗ ಬದಲಾಯಿಸುವುದು ಹೇಗೆ? ನಾನು "ಎತ್ತು" ಎಂದರೆ ಹತ್ತರಲ್ಲಿ ನಾಲ್ಕು ಸಲ ಬಲಗೈಯೇ ಹೋಗುತ್ತಿತ್ತು. ಅಪ್ಪ ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದ. ಎರಡು ದಿನ ಇದನ್ನು ನೋಡಿದ ಅವ್ವ ಮೂರನೇ ದಿನ ಹಿಟ್ಟಿನ ಕೈ ಒರೆಸಿಕೊಂಡು ಬಂದಳು.

"ಎಡ ಬಲ ಅಂತ ತಲ್ಯಾಗ ಹುಡುಕೂದು ಬಿಡ್ರಿ. ರೊಟ್ಟಿ ಬಡಿಯಾಗ ನಾ ಎಡ ಬಲ ನೋಡ್ತೀನೇನು? ಅಂಗೈಗೆ ಹಿಟ್ಟು ಹತ್ತಿದ್ದೇ ಗೊತ್ತಾಗ್ತದ. ನಿಮ್ಮ ಅಂಗೈಗೂ ಏನರ ಹತ್ತಬೇಕು."

ಅವಳು ಹಳೆಯ ಹಸಿರು ಇಳಕಲ್ ಸೀರೆಯ ಅಂಚು ಹರಿದು ಸೌಟಿನ ಹಿಡಿಗೆ ಸುತ್ತಿ, ಅಂಗೈಗೆ ಒತ್ತುವ ಹಾಗೆ ಮೂರು ಗಂಟು ಹಾಕಿದಳು. ಗಂಟು ಸಿಕ್ಕರೆ ಎಳೀರಿ, ನುಣ್ಣಗೆ ಸಿಕ್ಕರೆ ಹೆಲ್ಪರ್ ಹೇಳೂತನಕ ಎಳೀಬ್ಯಾಡ್ರಿ, ಇಷ್ಟೇ ಅವಳು ಹೇಳಿದ ಪಾಠ. ಅಪ್ಪ ಕಣ್ಣು ಮುಚ್ಚಿ ಅಭ್ಯಾಸ ಮಾಡಿದ. ನಾಲ್ಕು ತಪ್ಪು ಎರಡಾಯಿತು, ಎರಡು ಒಂದಾಯಿತು. ಪಳನಿಯಣ್ಣ ಊರಿಗೆ ಬಸ್ ಹತ್ತುವ ದಿನ ಆ ಒಂದು ಹಾಗೇ ಉಳಿದಿತ್ತು.

ಪರೀಕ್ಷೆಯ ಬೋರು ಬಿದ್ದದ್ದು ಜೀವನ್ ಬಿಮಾ ನಗರದ ಒಂದು ಮನೆಗೆ. ಆ ಮನೆಯ ಸಂಪು ಒಣಗಿ ವಾರಗಳಾಗಿದ್ದವು. ಅಪ್ಪ ಬೆಳಿಗ್ಗೆಯೇ ಲಾರಿಯಲ್ಲಿ ಹೋಗಿದ್ದ. ಊಟ ಕೊಡುವ ನೆಪ ಮಾಡಿಕೊಂಡು ಅವ್ವ, ನಾನು ಎರಡು ಬಸ್ ಬದಲಾಯಿಸಿ ಹೋದೆವು. ಹೊತ್ತಿಗೆ ಮೊದಲೇ ಹೋದೆವು. ಬಿಟ್ಟಿಗೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆಯುತ್ತಿದ್ದರು. ಅಪ್ಪ ಚಪ್ಪಲಿ ಬಿಟ್ಟು ಹಲಗೆ ಹತ್ತಿದ. ಸೌಟಿನಿಂದ ಬಿಚ್ಚಿ ಎಡಗಡೆಯ ಲಿವರಿಗೆ ಸುತ್ತಿದ್ದ ಅವ್ವನ ಸೀರೆಯ ಹಸಿರು ಅಂಚು ಕಂಡು ಮುನಿರಾಜಣ್ಣ ಕೇಳಿದರು.

"ಇದೇನ್ ಬಸಪ್ಪ, ಹೊಸದಾಗಿ?"

"ಮನಿದೇವ್ರದು ರೀ," ಎಂದ ಅಪ್ಪ.

ಮುನಿರಾಜಣ್ಣ ಅದಕ್ಕೂ ಒಂದು ಸಲ ಕೈ ಮುಗಿದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

ಎಮ್ಮೆ ಗುಡುಗಿತು. ಮೊದಲು ಕೆಂಪು ಮಣ್ಣು, ಆಮೇಲೆ ಬೂದಿಯಂಥ ಕಲ್ಲಿನ ಹುಡಿ. ರಸ್ತೆಯ ಮರಗಳೂ ನಮ್ಮ ರೆಪ್ಪೆಗಳೂ ಬೆಳ್ಳಗಾದವು. ನಾನು ಬೆರಳು ಮಡಚಿ ರಾಡು ಎಣಿಸುತ್ತ ನಿಂತೆ. ಎಂಟನೆಯದು ಇಳಿಯುವಾಗ ಮುನಿರಾಜಣ್ಣ ಸಾಕೇನೋ ಎಂಬಂತೆ ಕೈ ಆಡಿಸಿದರು. ಅಪ್ಪ ತಲೆ ಓರೆ ಮಾಡಿ ಕೇಳಿಸಿಕೊಂಡು, ಇನ್ನೂ ಇದೆ ಎಂದು ಬೆರಳು ಕೆಳಗೆ ತೋರಿಸಿದ. ಹನ್ನೊಂದನೆಯ ರಾಡಿನಲ್ಲಿ ಸದ್ದು ಬದಲಾಯಿತು. ನನಗೆ ಕೇಳಿಸಲಿಲ್ಲ, ಅಪ್ಪನ ಮುಖದಲ್ಲಿ ಕಂಡಿತು. ಮರುಗಳಿಗೆ ಗುಂಡಿಯ ಬಾಯಿಂದ ಬೂದು ನೀರು ಮನೆಯ ಮಹಡಿಯಷ್ಟು ಎತ್ತರಕ್ಕೆ ಚಿಮ್ಮಿತು. ಮನೆಯ ಯಜಮಾನಿ ಹೊಸ ಸೀರೆಯಲ್ಲೇ ಅದರಡಿ ಹೋಗಿ ನಿಂತರು. ಹೆಲ್ಪರ್ ಸೆಲ್ವ ಶಿಳ್ಳೆ ಹೊಡೆದ. ಎಲ್ಲರೂ ಕೂಗಿದರು, ನಾನೊಬ್ಬಳು ಬಿಟ್ಟು. ಯಾಕೆಂದರೆ ಇಳಿಸುವುದು ನನ್ನ ಪಟ್ಟಿಯಲ್ಲಿ ಚಿಲ್ಲರೆ ಭಯ. ಎತ್ತುವುದು ಇನ್ನು ಮೇಲೆ.

ಎತ್ತಲು ಶುರು ಮಾಡಿದರು. ಪ್ರತಿ ರಾಡಿಗೂ ಅದೇ ಕ್ರಮ: ಅಪ್ಪ ಗಂಟಿನ ಲಿವರ್ ಎಳೆದು ಮೇಲೆ ತರಬೇಕು, ಸೆಲ್ವ ಫೋರ್ಕು ಹಾಕಿ "ಆಯ್ತು" ಎಂದು ಕೈ ಎತ್ತಬೇಕು, ಆಮೇಲೆ ಮಾತ್ರ ನುಣ್ಣನೆಯ ಲಿವರ್. ಏಳನೆಯ ರಾಡಿನಲ್ಲಿ ಅಪ್ಪನ ಬಲಗೈ ಸೆಲ್ವ ಕೈ ಎತ್ತುವ ಮೊದಲೇ ಎದ್ದಿತು. ನಾನು ಅವ್ವನ ತೋಳು ಹಿಡಿದೆ. ಆ ಕೈ ಲಿವರಿನ ಮೇಲೆ ಕೂತಿತು, ನುಣ್ಣಗಿರುವುದು ಗೊತ್ತಾಗಿ ನಿಂತಿತು, ಹಿಂದಕ್ಕೆ ಬಂದು ಅಪ್ಪನ ಹಣೆಯ ಬೆವರು ಒರೆಸಿತು. ಎಡಗೈ ಗಂಟನ್ನು ಹುಡುಕಿಕೊಂಡಿತು. ಮುನಿರಾಜಣ್ಣನಿಗೆ ಕಂಡದ್ದು ಬೆವರು ಒರೆಸಿಕೊಂಡದ್ದು ಮಾತ್ರ. ಅವ್ವನಿಗೆ ಎಲ್ಲವೂ ಕಂಡಿತ್ತು. ನನ್ನ ಕೈ ಬಿಡಿಸಿ ನೋಡಿದಾಗ ಅವಳ ತೋಳಿನಲ್ಲಿ ನನ್ನ ನಾಲ್ಕು ಉಗುರಿನ ಗುರುತಿದ್ದವು.

ಇನ್ನು ಎರಡು ರಾಡು ಇರುವಾಗ ಅಪ್ಪ ನನ್ನ ಕಡೆ ತಿರುಗಿ ಹೆಬ್ಬೆರಳನ್ನು ಬಾಯಿಗೆ ಮಾಡಿದ. ಕುಡಿಯಲು ನೀರು. ಕಾಲಡಿ ಹೊಳೆಯೇ ಹರಿಯುತ್ತಿತ್ತು, ಕುಡಿಯುವಂಥದ್ದು ಒಂದು ತೊಟ್ಟಿರಲಿಲ್ಲ. ನಾನು ಎದುರುಮನೆಗೆ ಓಡಿದೆ. ಅಲ್ಲಿಯ ಆಂಟಿ ಥಳಥಳ ಹೊಳೆಯುವ ಹಿತ್ತಾಳೆ ಚೊಂಬಿನ ತುಂಬ ನೀರು ಕೊಟ್ಟರು.

"ನಮ್ಮ ಅತ್ತೆ ಚೊಂಬಮ್ಮಾ ಇದು, ಜೋಪಾನ. ಹಂಗೇ ವಾಪಸ್ ತಂದ್ಕೊಡ್ಬೇಕು."

ಎರಡೂ ಕೈಯಲ್ಲಿ ಹಿಡಿದು, ಒಂದು ಹನಿ ತುಳುಕಿಸದೆ, ನೀರಿನ ಮೇಲಿಂದ ಕಣ್ಣು ತೆಗೆಯದೆ ರಸ್ತೆ ದಾಟಿದೆ. ಗೇಟಿನ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ಎಲ್ಲ ಸದ್ದೂ ನಿಂತಿತು. ಕಂಪ್ರೆಸರ್ ಆಫ್ ಆಗಿತ್ತು. ತಲೆ ಎತ್ತಿದೆ. ಗುಂಡಿಯ ಮೇಲೆ ಹ್ಯಾಮರು ನೇತಾಡುತ್ತಿತ್ತು. ಅದರ ತುದಿಯಲ್ಲಿ ಬಿಟ್ಟು, ಕೆಸರು ತೊಟ್ಟಿಕ್ಕಿಸುತ್ತ, ಎಲ್ಲ ಗುಬುಟುಗಳ ಸಮೇತ. ಅಪ್ಪ ಹಲಗೆಯ ಮೇಲೆ ನಿಂತು, ಎರಡೂ ಲಿವರುಗಳಿಂದ ಎರಡೂ ಕೈ ತೆಗೆದು ಮೇಲೆತ್ತಿ ನನಗೆ ತೋರಿಸುತ್ತಿದ್ದ. ಖಾಲಿ ಕೈ, ಬೆರಳುಗಳು ಅಗಲ. ನಾನೂ ಎರಡೂ ಕೈ ಎತ್ತಿದೆ.

ಠಣ್ ಎಂದ ಮೇಲೆ ನೆನಪಾಯಿತು.

"ಎಷ್ಟು ಮ್ಯಾಲಿಂದ ಬಿತ್ತದು?" ಎಂದು ಅವ್ವ ನಗುತ್ತ ಓಡಿ ಬಂದಳು. ಹೊಟ್ಟೆಯಲ್ಲಿ ಕಡಲೆಯಷ್ಟು ನೆಗ್ಗಿದ್ದ ಚೊಂಬನ್ನು ಎತ್ತಿ ನನ್ನ ಕೈಗೇ ಕೊಟ್ಟಳು, ನೀನೇ ಹೋಗಿ ಹೇಳು ಎಂದು. ನಾನು ಹೇಳಿ ವಾಪಸು ಬರುವಷ್ಟರಲ್ಲಿ ಲಾರಿಯ ಮೇಲೆ ಹನ್ನೊಂದು ರಾಡು, ಒಂದು ಹ್ಯಾಮರು, ಒಂದು ಬಿಟ್ಟು ಸಾಲಾಗಿ ಮಲಗಿದ್ದವು. ಮುನಿರಾಜಣ್ಣ ಮುಟ್ಟಿ ಮುಟ್ಟಿ ಎಣಿಸುತ್ತಿದ್ದರು. ಅವತ್ತು ಬಿದ್ದದ್ದು ಎದುರುಮನೆ ಆಂಟಿಯ ಅತ್ತೆಯ ಚೊಂಬು ಒಂದೇ.